ಪೋರ್ಷನ್ ಮುಗಿಯುತ್ತದೆ, ಭಿನ್ನರಾಶಿ ಉಳಿಯುತ್ತದೆ

ಹೊಸ ಪಠ್ಯಪುಸ್ತಕ ಬಂದ ಕೂಡಲೇ ಎಲ್ಲರೂ ಕೇಳುವುದು ಯಾವ ಪಾಠ ಸೇರಿಸಿದ್ದಾರೆ, ಯಾವುದನ್ನು ಕೈಬಿಟ್ಟಿದ್ದಾರೆ ಅಂತ. ಚರ್ಚೆ, ಜಗಳ, ಲೇಖನ ಎಲ್ಲ ಅದರ ಸುತ್ತಲೇ. ಆ ಪ್ರಶ್ನೆ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಗಣಿತ ಕಲಿಸುವವಳಾಗಿ ನಾನು ಪರಿವಿಡಿ ತೆರೆದು ಮೊದಲು ಹುಡುಕುವುದು ಬೇರೆಯದನ್ನು. ಯಾವುದರ ಹಿಂದೆ ಯಾವುದು ಬಂದಿದೆ? ಒಂದು ವಿಷಯ ಬಂದುಹೋದ ಮೇಲೆ ಮತ್ತೆ ಯಾವಾಗ ಮುಖ ತೋರಿಸುತ್ತದೆ? ಎರಡನೇ ಸಲ ಬಂದಾಗ ಹೊಸದೇನನ್ನು ತರುತ್ತದೆ? ಮಗುವಿನ ತಲೆಗೆ ಒಂದು ವಿಷಯ ಹತ್ತುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಈ ಜೋಡಣೆಯಲ್ಲೇ ತೀರ್ಮಾನವಾಗಿರುತ್ತದೆ. ಟೀಚರ್ ತರಗತಿಗೆ ಕಾಲಿಡುವ ಮುಂಚೆಯೇ.

ಮಾತು ಗಾಳಿಯಲ್ಲಿ ತೇಲಿಹೋಗದಿರಲಿ ಅಂತ ಒಂದೇ ವಿಷಯ ಹಿಡಿದುಕೊಳ್ಳುತ್ತೇನೆ. ಭಿನ್ನರಾಶಿ.

ನಾನು ಕಲಿಸುವುದು 11ರಿಂದ 13 ವರ್ಷದ ಮಕ್ಕಳಿಗೆ. ಅವರಿಗೆ 1/2 + 1/3 ಎಷ್ಟು ಅಂತ ಕೇಳಿದರೆ ಪ್ರತಿ ವರ್ಷವೂ ಒಂದಷ್ಟು ಮಂದಿ 2/5 ಅಂತ ಬರೆಯುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾರೆ, ಗಮನ ಇಲ್ಲ ಅಂತ ಕೆಂಪು ಗೆರೆ ಎಳೆದು ಮುಂದೆ ಹೋಗಬಹುದು. ಆದರೆ ಆ ಉತ್ತರವನ್ನು ಸ್ವಲ್ಪ ಹೊತ್ತು ನೋಡಿ. 2/5 ಅಂದರೆ ಅರ್ಧಕ್ಕಿಂತ ಕಡಿಮೆ. ಅರ್ಧ ಇಟ್ಟುಕೊಂಡು, ಅದಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗಿದೆ. ಮಗುವಿಗೆ ಇದು ವಿಚಿತ್ರ ಅನ್ನಿಸಲೇ ಇಲ್ಲ. ಯಾಕೆ?

ಯಾಕೆಂದರೆ ಅದರ ಕಣ್ಣಿಗೆ 1/2 ಒಂದು ಸಂಖ್ಯೆಯೇ ಅಲ್ಲ. ಒಂದರ ಮೇಲೊಂದು ಕೂತ ಎರಡು ಸಂಖ್ಯೆ. ಹಾಗೆ ಕಾಣುವುದಕ್ಕೆ ಕಾರಣ ಅದು ನಡೆದು ಬಂದ ದಾರಿ. ಚಿಕ್ಕ ತರಗತಿಯಲ್ಲಿ ವೃತ್ತದ ಚಿತ್ರ ಕೊಡುತ್ತೇವೆ. ನಾಲ್ಕು ಭಾಗ ಮಾಡು, ಮೂರಕ್ಕೆ ಬಣ್ಣ ಹಚ್ಚು, 3/4 ಅಂತ ಬರೆ. ಅಲ್ಲಿ ಮಗು ಮಾಡುವುದು ಎಣಿಕೆ ಅಷ್ಟೇ. ಬಣ್ಣದ ಭಾಗ ಎಷ್ಟು, ಒಟ್ಟು ಭಾಗ ಎಷ್ಟು. ಮುಂದಿನ ವರ್ಷವೂ ಅದೇ, ಅದರ ಮುಂದಿನ ವರ್ಷವೂ ಅದೇ. ಈಗ ಅದೇ ಮಗುವಿನ ಮುಂದೆ ಅರ್ಧಕ್ಕೆ ಬಣ್ಣ ಹಚ್ಚಿದ ಒಂದು ವೃತ್ತ, ಮೂರರಲ್ಲಿ ಒಂದು ಭಾಗಕ್ಕೆ ಬಣ್ಣ ಹಚ್ಚಿದ ಇನ್ನೊಂದು ವೃತ್ತ ಇಡಿ. ಬಣ್ಣದ ಭಾಗ ಒಟ್ಟು ಎರಡು. ಎಲ್ಲಾ ಸೇರಿ ಭಾಗ ಐದು. ಉತ್ತರ 2/5 ಬರಲೇಬೇಕು ಅಲ್ವಾ?

ಒಂದು ವರ್ಷ ಒಬ್ಬ ಹುಡುಗ ಇದೇ ಚಿತ್ರ ಬಿಡಿಸಿಕೊಂಡು ಬಂದು, "ಎಣಿಸಿ ನೋಡಿ ಮಿಸ್" ಅಂದ. ಎಣಿಸಿದೆ. ಅವನ ತರ್ಕ ಕಲಿತ ಪಾಠಕ್ಕೆ ಸರಿಯಾಗಿಯೇ ಇತ್ತು. ಕೊರತೆ ಇದ್ದದ್ದು ಪಾಠದಲ್ಲಿ. ವೃತ್ತದ ಚಿತ್ರ ಒಂದು ಭಿನ್ನರಾಶಿಯನ್ನು ತೋರಿಸಬಲ್ಲದು, ಎರಡನ್ನು ಕೂಡಿಸಿ ತೋರಿಸಲು ಅದಕ್ಕೆ ಶಕ್ತಿ ಸಾಲದು. 5/4 ಅನ್ನಂತೂ ಅದು ತೋರಿಸುವುದೇ ಕಷ್ಟ. ನಾಲ್ಕು ಭಾಗದಲ್ಲಿ ಐದು ಭಾಗಕ್ಕೆ ಬಣ್ಣ ಹಚ್ಚುವುದು ಹೇಗೆ ಅಂತ ಮಕ್ಕಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ.

ಇದು ಒಂದು ತರಗತಿಯ ಸಮಸ್ಯೆ ಅಲ್ಲ. 1978ರಲ್ಲಿ ಅಮೆರಿಕದ ರಾಷ್ಟ್ರೀಯ ಪರೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟಿದ್ದರು. 12/13 + 7/8 ಸುಮಾರು ಎಷ್ಟು? ಲೆಕ್ಕ ಮಾಡಬೇಡಿ, ಅಂದಾಜು ಹೇಳಿ. ಆಯ್ಕೆಗಳು 1, 2, 19, 21. ಎರಡೂ ಹತ್ತಿರ ಹತ್ತಿರ ಒಂದು, ಹಾಗಾಗಿ ಉತ್ತರ 2. ಸರಿಯಾಗಿ ಹೇಳಿದವರು ಶೇ. 24 ಮಂದಿ. 19 ಅಥವಾ 21 ಅಂದವರೇ ಜಾಸ್ತಿ. ಅಂದರೆ ಅಂಶಗಳನ್ನು ಕೂಡಿಸಿದವರು, ಇಲ್ಲವೇ ಛೇದಗಳನ್ನು ಕೂಡಿಸಿದವರು. ಅಷ್ಟು ಹೊತ್ತಿಗೆ ಆ ಮಕ್ಕಳಿಗೆಲ್ಲ ಭಿನ್ನರಾಶಿಯ ಪಾಠ ಆಗಿತ್ತು. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಹಾಕಿ ಕೂಡಿಸುವ ವಿಧಾನವೂ ಗೊತ್ತಿದ್ದವರು ಅವರಲ್ಲಿ ಇದ್ದೇ ಇರುತ್ತಾರೆ. ವಿಧಾನ ಬಂದಿತ್ತು, ಸಂಖ್ಯೆ ಬಂದಿರಲಿಲ್ಲ.

ಹೋಗಲಿ ಬಿಡಿ, ಭಿನ್ನರಾಶಿ ಬರದಿದ್ದರೆ ಏನಾಯಿತು ಅನ್ನುವವರೂ ಇದ್ದಾರೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಸೀಗ್ಲರ್ ಮತ್ತು ಸಂಗಡಿಗರು 2012ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ದೀರ್ಘ ಕಾಲದ ಮಾಹಿತಿ ತೆಗೆದು ನೋಡಿದರು. ಪ್ರಾಥಮಿಕ ಶಾಲೆಯ ಕೊನೆಯ ಹೊತ್ತಿಗೆ ಮಗುವಿಗೆ ಭಿನ್ನರಾಶಿ ಮತ್ತು ಭಾಗಾಕಾರ ಎಷ್ಟು ಗೊತ್ತಿತ್ತು ಅನ್ನುವುದನ್ನು ನೋಡಿದರೆ, ಐದಾರು ವರ್ಷ ಕಳೆದ ಮೇಲೆ ಬೀಜಗಣಿತದಲ್ಲಿ ಅದು ಹೇಗಿರುತ್ತದೆ ಅನ್ನುವುದರ ಸುಳಿವು ಸಿಗುತ್ತಿತ್ತು. ಬುದ್ಧಿಮತ್ತೆ, ಮನೆಯ ಆದಾಯ, ಅಪ್ಪ ಅಮ್ಮನ ಓದು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ಸಂಬಂಧ ಉಳಿಯಿತು. ದೊಡ್ಡ ತರಗತಿಯಲ್ಲಿ "ಇವನಿಗೆ ಬೀಜಗಣಿತ ತಲೆಗೆ ಹೋಗಲ್ಲ" ಅನ್ನಿಸಿಕೊಳ್ಳುವ ಎಷ್ಟೋ ಮಕ್ಕಳು ನಿಜವಾಗಿ ಸಿಕ್ಕಿಹಾಕಿಕೊಂಡಿರುವುದು ಎಷ್ಟೋ ವರ್ಷ ಹಿಂದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಈಗ ಜೋಡಣೆಯನ್ನು ಬದಲಾಯಿಸಿದರೆ ಏನಾಗುತ್ತದೆ ಅಂತ ಹೇಳುತ್ತೇನೆ.

ನಾನು ವೃತ್ತ ಬಿಟ್ಟು ಕಾಗದದ ಪಟ್ಟಿಯಿಂದ ಶುರು ಮಾಡುತ್ತೇನೆ. ಎಲ್ಲರಿಗೂ ಒಂದೇ ಉದ್ದದ ಪಟ್ಟಿಗಳು. ಒಂದನ್ನು ಎರಡಾಗಿ ಮಡಚಬೇಕು, ಇನ್ನೊಂದನ್ನು ಮೂರಾಗಿ, ಮತ್ತೊಂದನ್ನು ಆರಾಗಿ. ಎರಡಾಗಿ ಮಡಚುವುದು ಸುಲಭ. ಮೂರಾಗಿ ಮಡಚುವಾಗ ಗಲಾಟೆ ಶುರುವಾಗುತ್ತದೆ. ಒಂದು ಭಾಗ ದೊಡ್ಡದು, ಎರಡು ಚಿಕ್ಕದು ಆಗುತ್ತವೆ. ಬಿಚ್ಚುತ್ತಾರೆ, ಮತ್ತೆ ಮಡಚುತ್ತಾರೆ. ಸಮಭಾಗ ಅನ್ನುವ ಮಾತಿನ ತೂಕ ಆಗ ಕೈಗೆ ತಿಳಿಯುತ್ತದೆ. ಆಮೇಲೆ ಪಟ್ಟಿಯನ್ನು ಒಂದು ಗೆರೆಯ ಪಕ್ಕ ಇಟ್ಟು ಗುರುತು ಹಾಕುತ್ತೇವೆ. ಈ ತುದಿ 0, ಆ ತುದಿ 1. ಮಡಿಕೆ ಇರುವ ಜಾಗ 1/2. ಪಟ್ಟಿಯನ್ನು 1ರ ಆಚೆಗೆ ಸರಿಸಿದರೆ ಗೆರೆ ಮುಂದುವರಿಯುತ್ತದೆ. 5/4 ಈಗ ಯಾರನ್ನೂ ಹೆದರಿಸುವುದಿಲ್ಲ. ಒಂದು ದಾಟಿ ಕಾಲು ಭಾಗ ಮುಂದೆ, ಅಷ್ಟೇ.

ಇಲ್ಲಿ ಒಬ್ಬ ಹುಡುಗಿ ನೆನಪಾಗುತ್ತಾಳೆ. 1/3 ಎಲ್ಲಿ ಬರುತ್ತದೆ ಅಂದಾಗ 1/2ರ ಬಲಕ್ಕೆ ಗುರುತು ಹಾಕಿದಳು. 3 ದೊಡ್ಡದಲ್ವಾ ಅಂತ. ನಾನು ಏನೂ ಹೇಳಲಿಲ್ಲ. ಪಟ್ಟಿ ಇಟ್ಟು ನೋಡು ಅಂದೆ. ಇಟ್ಟಳು. ಸ್ವಲ್ಪ ಹೊತ್ತು ಎರಡು ಪಟ್ಟಿಯನ್ನೂ ಹಿಡಿದುಕೊಂಡು ನೋಡಿದಳು. ಆಮೇಲೆ ತಾನಾಗಿಯೇ, "ಜಾಸ್ತಿ ಭಾಗ ಮಾಡಿದಷ್ಟೂ ಒಂದೊಂದು ಭಾಗ ಸಣ್ಣ ಆಗ್ತಾ ಹೋಗುತ್ತೆ" ಅಂದಳು. ಆ ವಾಕ್ಯವನ್ನು ಬೋರ್ಡಿನ ಮೇಲೆ ಅವಳ ಮಾತಿನಲ್ಲೇ ಬರೆದೆ. ಪುಸ್ತಕದಲ್ಲಿರುವ ನಿಯಮಕ್ಕಿಂತ ಅದು ಚೆನ್ನಾಗಿತ್ತು.

ಕೂಡುವ ಲೆಕ್ಕಕ್ಕೆ ನಾನು ಇನ್ನೂ ಬಂದಿರುವುದಿಲ್ಲ. ಮೊದಲು ಅಂದಾಜು. 1/2 + 1/3 ಒಂದಕ್ಕಿಂತ ಜಾಸ್ತಿಯೋ ಕಡಿಮೆಯೋ? ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ? ಇಷ್ಟು ಹೇಳಬಲ್ಲ ಮಗು 2/5 ಅಂತ ಬರೆದರೂ ತಾನೇ ನಿಂತು, ಹೊಡೆದುಹಾಕಿ, ಮತ್ತೆ ನೋಡುತ್ತದೆ. ಆಮೇಲೆ ಆರು ಮಡಿಕೆಯ ಪಟ್ಟಿ ತೆಗೆದರೆ 3/6 ಮತ್ತು 2/6 ಪಕ್ಕಪಕ್ಕದಲ್ಲಿ ಕಾಣುತ್ತವೆ. ಲ.ಸಾ.ಅ. ಯಾಕೆ ಬೇಕು ಅನ್ನುವುದು ಆ ಹೊತ್ತಿಗೆ ಮಕ್ಕಳಿಗೆ ಗೊತ್ತಾಗಿರುತ್ತದೆ, ಹೆಸರು ಮಾತ್ರ ನಾನು ಹೇಳಬೇಕು.

ಇಷ್ಟಕ್ಕೆ ಪೀರಿಯಡ್‌ಗಳು ಜಾಸ್ತಿ ಬೇಕು. ತೊಂದರೆ ಶುರುವಾಗುವುದು ಅಲ್ಲೇ.

"ಪೋರ್ಷನ್ ಎಲ್ಲಿಗೆ ಬಂತು?" ಶಾಲೆಯ ಕಾರಿಡಾರಿನಲ್ಲಿ ಟೀಚರ್‌ಗಳು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಇದು. ಮುಖ್ಯ ಶಿಕ್ಷಕರು ಕೇಳುವುದೂ ಇದನ್ನೇ, ಪೋಷಕರು ಕೇಳುವುದೂ ಇದನ್ನೇ. ಪೋರ್ಷನ್ ಮುಗಿದರೆ ಕೆಲಸ ಮುಗಿಯಿತು. ಮುಗಿಸಿದವರು ಟೀಚರ್. ಮಕ್ಕಳಲ್ಲಿ ಅದು ಮುಗಿಯಿತೋ ಶುರುವಾಯಿತೋ ಅನ್ನುವುದು ಬೇರೆ ವಿಷಯ. ಹಲವು ದೇಶಗಳ ಮಕ್ಕಳ ಗಣಿತ, ವಿಜ್ಞಾನ ಕಲಿಕೆಯನ್ನು ಅಳೆಯುವ ಟಿಮ್ಸ್ ಅಧ್ಯಯನದವರು ಪಠ್ಯಕ್ರಮವನ್ನು ಮೂರಾಗಿ ನೋಡುತ್ತಾರೆ. ಕಾಗದದ ಮೇಲೆ ಉದ್ದೇಶಿಸಿದ್ದು, ತರಗತಿಯಲ್ಲಿ ನಿಜವಾಗಿ ಕಲಿಸಿದ್ದು, ಮಕ್ಕಳಿಗೆ ಕೊನೆಗೆ ದಕ್ಕಿದ್ದು. ನನಗೆ ಇದು ತುಂಬಾ ಉಪಯೋಗಕ್ಕೆ ಬಂದ ವಿಂಗಡಣೆ. ಪೋರ್ಷನ್ ಅನ್ನುವುದು ಮೊದಲನೆಯದನ್ನು ಎರಡನೆಯದಕ್ಕೆ ತಾಳೆ ಹಾಕುತ್ತದೆ. ಮೂರನೆಯದನ್ನು ಕೇಳುವುದೇ ಇಲ್ಲ.

1995ರ ಟಿಮ್ಸ್ ಬಂದಾಗ ವಿಲಿಯಂ ಶ್ಮಿಟ್ ಮತ್ತು ಅವರ ತಂಡ ಬೇರೆ ಬೇರೆ ದೇಶಗಳ ಪಠ್ಯಕ್ರಮ, ಪುಸ್ತಕಗಳನ್ನು ಒಟ್ಟಿಗೆ ಇಟ್ಟು ಹೋಲಿಸಿತು. ಚೆನ್ನಾಗಿ ಮಾಡಿದ ದೇಶಗಳಲ್ಲಿ ಚಿಕ್ಕ ತರಗತಿಗಳಲ್ಲಿ ವಿಷಯಗಳು ಕಡಿಮೆ ಇದ್ದವು. ಒಂದು ವಿಷಯ ಬಂದರೆ ಕೆಲವು ವರ್ಷ ಇದ್ದು, ಗಟ್ಟಿಯಾಗಿ, ಆಮೇಲೆ ಹೋಗುತ್ತಿತ್ತು. ಅಮೆರಿಕದ ಪುಸ್ತಕಗಳಲ್ಲಿ ಪ್ರತಿ ವರ್ಷವೂ ಎಲ್ಲವೂ ಇರುತ್ತಿತ್ತು, ಸ್ವಲ್ಪ ಸ್ವಲ್ಪ. ಅದನ್ನು ಅವರು ಒಂದು ಮೈಲಿ ಅಗಲ, ಒಂದು ಇಂಚು ಆಳ ಅಂತ ಕರೆದರು. ದಪ್ಪ ಪುಸ್ತಕ ನೋಡಿ ಖುಷಿಪಡುವ ಪೋಷಕರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ. ಪುಟ ಜಾಸ್ತಿ ಇದ್ದರೆ ಕಲಿಕೆ ಜಾಸ್ತಿ ಅಂತ ಅರ್ಥವಲ್ಲ.

ಇಲ್ಲಿ ಒಬ್ಬರು ಎದ್ದು ಕೇಳಬಹುದು. ಒಂದೇ ವಿಷಯ ಮತ್ತೆ ಮತ್ತೆ ಬರಬೇಕು ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ ಹೇಳಿಲ್ಲವೇ, ಸುರುಳಿ ಪಠ್ಯಕ್ರಮ ಅಂದರೆ ಅದೇ ಅಲ್ಲವೇ ಅಂತ. ಹೇಳಿದ್ದಾರೆ. 1957ರಲ್ಲಿ ಸೋವಿಯತ್ ಒಕ್ಕೂಟದ ಉಪಗ್ರಹ ಸ್ಪುಟ್ನಿಕ್ ಹಾರಿದ ಮೇಲೆ ಅಮೆರಿಕದಲ್ಲಿ ಶಾಲೆಯ ವಿಜ್ಞಾನ, ಗಣಿತದ ಬಗ್ಗೆ ದೊಡ್ಡ ಚಿಂತೆ ಶುರುವಾಯಿತು. 1959ರಲ್ಲಿ ವುಡ್ಸ್ ಹೋಲ್‌ನಲ್ಲಿ ವಿಜ್ಞಾನಿಗಳು, ಮನಶ್ಶಾಸ್ತ್ರಜ್ಞರು, ಶಿಕ್ಷಣ ತಜ್ಞರು ಸೇರಿದರು. ಅಧ್ಯಕ್ಷತೆ ಬ್ರೂನರ್ ಅವರದು. ಮರುವರ್ಷ ಅವರು ಬರೆದ ಸಣ್ಣ ಪುಸ್ತಕದಲ್ಲಿ ಈ ವಿಚಾರ ಇದೆ. ಯಾವ ವಿಷಯವನ್ನೂ ಯಾವ ವಯಸ್ಸಿನ ಮಗುವಿಗೂ ಪ್ರಾಮಾಣಿಕವಾದ ಒಂದು ರೂಪದಲ್ಲಿ ಕಲಿಸಬಹುದು, ಮುಂದೆ ಅದನ್ನೇ ಇನ್ನೂ ಆಳವಾಗಿ ಮತ್ತೆ ಎತ್ತಿಕೊಳ್ಳಬೇಕು ಅಂತ. "ಇನ್ನೂ ಆಳವಾಗಿ" ಅನ್ನುವ ಎರಡು ಪದವನ್ನು ಬಹಳ ಪುಸ್ತಕಗಳು ಮರೆತಿವೆ. ಹೋದ ವರ್ಷದ ಅಧ್ಯಾಯವನ್ನೇ ದೊಡ್ಡ ಅಂಕಿ ಹಾಕಿ ಮತ್ತೆ ಅಚ್ಚು ಹಾಕುವುದು ಸುರುಳಿ ಅಲ್ಲ. ಅದು ಗಾಣದ ಎತ್ತಿನ ಸುತ್ತು.

ನಿಜವಾದ ಸುರುಳಿ ಹೇಗಿರುತ್ತದೆ ಅನ್ನುವುದಕ್ಕೆ ಬ್ರೂನರ್ ಮತ್ತು ಗಣಿತಜ್ಞ ಜೋಲ್ಟಾನ್ ಡೀನೆಸ್ ಸೇರಿ ಎಂಟು ವರ್ಷದ ಮಕ್ಕಳ ಜೊತೆ ಮಾಡಿದ ಕೆಲಸ ನನಗೆ ತುಂಬಾ ಇಷ್ಟ. ಮಕ್ಕಳ ಕೈಗೆ ಒಂದು ದೊಡ್ಡ ಚೌಕ ಕೊಟ್ಟರು. ಅದರ ಬದಿಯ ಉದ್ದ ಎಷ್ಟು ಅಂತ ಗೊತ್ತಿಲ್ಲ, ಅದಕ್ಕೆ ಎಕ್ಸ್ ಅಂತ ಹೆಸರು. ಅಷ್ಟೇ ಉದ್ದದ, ಒಂದು ಅಳತೆ ಅಗಲದ ಪಟ್ಟಿಗಳು. ಒಂದಷ್ಟು ಪುಟ್ಟ ಚೌಕಗಳು. ಇವನ್ನು ಸೇರಿಸಿ ಮೊದಲಿನದಕ್ಕಿಂತ ದೊಡ್ಡ ಚೌಕ ಮಾಡಿ ಅಂದರು. ಮಕ್ಕಳು ದೊಡ್ಡ ಚೌಕದ ಎರಡು ಬದಿಗೆ ಒಂದೊಂದು ಪಟ್ಟಿ ಇಟ್ಟರೆ ಮೂಲೆಯಲ್ಲಿ ಒಂದು ಖಾಲಿ ಜಾಗ ಉಳಿಯುತ್ತದೆ. ಅಲ್ಲಿಗೆ ಒಂದು ಪುಟ್ಟ ಚೌಕ. ಅದಕ್ಕಿಂತ ದೊಡ್ಡದು ಬೇಕಾದರೆ ನಾಲ್ಕು ಪಟ್ಟಿ, ನಾಲ್ಕು ಪುಟ್ಟ ಚೌಕ. ಅದಕ್ಕಿಂತಲೂ ದೊಡ್ಡದಕ್ಕೆ ಆರು ಪಟ್ಟಿ, ಒಂಬತ್ತು ಪುಟ್ಟ ಚೌಕ. ಪಟ್ಟಿ ಎರಡೆರಡು ಏರುತ್ತದೆ, ಪುಟ್ಟ ಚೌಕಗಳು 1, 4, 9 ಅಂತ ಹೋಗುತ್ತವೆ. ದೊಡ್ಡ ತರಗತಿಯ ವರ್ಗ ಸಮೀಕರಣವೇ ಇದು, ಆದರೆ ಕೈಯಲ್ಲಿ. ನಾನು ಬೀಜಗಣಿತದ ಮೊದಲ ವಾರದಲ್ಲಿ ರಟ್ಟು ಕತ್ತರಿಸಿ ಇದನ್ನು ಮಾಡಿಸುತ್ತೇನೆ. ಮೂಲೆಯ ಖಾಲಿ ಜಾಗವನ್ನು ಕಣ್ಣಾರೆ ಕಂಡ ಮಗುವಿಗೆ (a + b)² ಬಿಡಿಸುವಾಗ 2ab ಬಿಟ್ಟುಹೋಗುವುದು ಅಪರೂಪ. ಎರಡು ಬದಿಯ ಎರಡು ಪಟ್ಟಿಯೇ ಅದು ಅಂತ ಅದಕ್ಕೆ ಗೊತ್ತಿರುತ್ತದೆ.

ಜೋಡಣೆಯಲ್ಲಿ ಇನ್ನೊಂದು ತೊಡಕಿದೆ. ವಿಷಯ ಗೊತ್ತಿರುವವರಿಗೆ ಯಾವುದು ಮೊದಲು ಅನ್ನಿಸುತ್ತದೋ ಅದೇ ಕಲಿಯುವವರಿಗೂ ಮೊದಲು ಆಗಬೇಕಿಲ್ಲ. 1960ರ ದಶಕದಲ್ಲಿ ಹೊಸ ಗಣಿತ ಅಂತ ಒಂದು ದೊಡ್ಡ ಬದಲಾವಣೆ ಬಂತು. ಗಣಿತಜ್ಞರ ದೃಷ್ಟಿಯಲ್ಲಿ ಗಣಗಳೇ (ಸೆಟ್‌ಗಳೇ) ಬುನಾದಿ, ಹಾಗಾಗಿ ಪುಟ್ಟ ಮಕ್ಕಳಿಗೂ ಗಣಗಳು, ಹತ್ತನ್ನು ಬಿಟ್ಟು ಬೇರೆ ಆಧಾರದ ಸಂಖ್ಯೆಗಳು. ತರ್ಕದಲ್ಲಿ ತಪ್ಪಿರಲಿಲ್ಲ. ಆದರೆ ಕಲಿಸಬೇಕಾದ ಟೀಚರ್‌ಗಳಿಗೆ ತಯಾರಿ ಸಾಕಾಗಿರಲಿಲ್ಲ, ಮಕ್ಕಳಿಗೆ ಅದು ಯಾಕೆ ಬೇಕು ಅಂತ ತಿಳಿಯಲಿಲ್ಲ, ಮನೆಯಲ್ಲಿ ದೊಡ್ಡವರಿಗೆ ಸಹಾಯ ಮಾಡಲು ಆಗಲಿಲ್ಲ. 1970ರ ದಶಕದಲ್ಲಿ ಅದು ಹಿಂದೆ ಸರಿಯಿತು. ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ 1902ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಮಗು ಒಂದು ಕಡೆ, ವಿಷಯ ಇನ್ನೊಂದು ಕಡೆ ಅಂತ ಎದುರುಬದುರು ನಿಲ್ಲಿಸಬೇಡಿ, ಅವು ಒಂದೇ ದಾರಿಯ ಎರಡು ತುದಿಗಳು ಅಂತ. ಪಠ್ಯಕ್ರಮ ಮಾಡುವವರ ಕೆಲಸ ಆ ದಾರಿ ಹಾಕುವುದು.

ದಾರಿ ತುಂಡು ತುಂಡಾಗಿರುವ ಜಾಗಗಳೂ ಇವೆ. ಭಿನ್ನರಾಶಿ ಒಂದು ಅಧ್ಯಾಯ. ದಶಮಾಂಶ ಬೇರೆ ಅಧ್ಯಾಯ. ಶೇಕಡಾ ಇನ್ನೊಂದು. ಅನುಪಾತ ಮತ್ತೊಂದು, ಅದೂ ಎಷ್ಟೋ ಸಲ ಮುಂದಿನ ವರ್ಷಕ್ಕೆ. ಮಗುವಿಗೆ ಇವು ನಾಲ್ಕು ಬೇರೆ ಬೇರೆ ಕಷ್ಟಗಳು. 1/4, 0.25, ಶೇ. 25 ಮೂರೂ ಗೆರೆಯ ಮೇಲೆ ಒಂದೇ ಬಿಂದು ಅಂತ ಯಾರೂ ಹೇಳಿರುವುದಿಲ್ಲ. ಅದರ ಮೇಲೆ 1:3 ಅನ್ನುವುದನ್ನು ಮಕ್ಕಳು 1/3 ಅಂತ ಓದುತ್ತಾರೆ. ಒಂದು ಪಾಲು ನೀಲಿ, ಮೂರು ಪಾಲು ಬಿಳಿ ಬಣ್ಣ ಕಲಸಿದರೆ ನೀಲಿ ಒಟ್ಟಿನಲ್ಲಿ 1/4 ಇರುತ್ತದೆ. ಈ ಒಂದು ಗೊಂದಲ ಬಿಡಿಸಲು ಅರ್ಧ ಪೀರಿಯಡ್ ಸಾಕು, ಆದರೆ ಭಿನ್ನರಾಶಿ ಮತ್ತು ಅನುಪಾತ ಅಕ್ಕಪಕ್ಕ ಇದ್ದರೆ ಮಾತ್ರ. ನಡುವೆ ಐದು ತಿಂಗಳಿದ್ದರೆ ಹಳೆಯದನ್ನು ಮತ್ತೆ ಕಲಿಸಿಯೇ ಹೊಸದಕ್ಕೆ ಹೋಗಬೇಕು. ಅಧ್ಯಾಯಗಳ ಕ್ರಮವನ್ನು ಶಾಲೆಯೊಳಗೆ ಹಿಂದೆ ಮುಂದೆ ಮಾಡಿಕೊಳ್ಳಲು ಅವಕಾಶ ಇದ್ದರೆ ದಯವಿಟ್ಟು ಮಾಡಿಕೊಳ್ಳಿ ಅಂತ ಹೊಸ ಟೀಚರ್‌ಗಳಿಗೆ ಹೇಳುತ್ತೇನೆ.

ಅಭ್ಯಾಸದ ಲೆಕ್ಕಗಳದ್ದೂ ಇದೇ ಕಥೆ. ಅಧ್ಯಾಯದ ಕೊನೆಗೆ ಒಂದೇ ಜಾತಿಯ ಇಪ್ಪತ್ತು ಲೆಕ್ಕ. ಮೊದಲನೆಯದಕ್ಕೆ ದಾರಿ ಸಿಕ್ಕರೆ ಉಳಿದದ್ದಕ್ಕೆ ಯೋಚನೆ ಬೇಡ. ಡಗ್ ರೋರರ್ ಮತ್ತು ಸಂಗಡಿಗರು ಏಳನೇ ತರಗತಿಯ ಮಕ್ಕಳಿಗೆ ಬೇರೆ ಬೇರೆ ಬಗೆಯ ಲೆಕ್ಕಗಳನ್ನು ಕಲಸಿ ಕೊಟ್ಟು ನೋಡಿದಾಗ, ಕೆಲವು ವಾರ ಬಿಟ್ಟು ನಡೆಸಿದ ಪರೀಕ್ಷೆಯಲ್ಲಿ ಅವರೇ ಚೆನ್ನಾಗಿ ಮಾಡಿದರು. ಯಾಕೆಂದರೆ ಪ್ರತಿ ಲೆಕ್ಕಕ್ಕೂ ಯಾವ ವಿಧಾನ ಅಂತ ಅವರೇ ಆರಿಸಬೇಕಿತ್ತು. ಬಿಟ್ಟು ಬಿಟ್ಟು ಓದಿದರೆ ನೆನಪು ಗಟ್ಟಿ ಅನ್ನುವುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತೋರಿಸಿದ್ದರು. ಇಷ್ಟು ಹಳೆಯ ವಿಷಯ ಪುಸ್ತಕದ ಜೋಡಣೆಯಲ್ಲಿ ಇನ್ನೂ ಕಾಣುವುದಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರ.

"ಈಗ ಎಲ್ಲ ಮಾಹಿತಿ ಫೋನಿನಲ್ಲೇ ಸಿಗುತ್ತದೆ, ಪಠ್ಯಕ್ರಮದಲ್ಲಿ ಮಾಹಿತಿ ಯಾಕೆ, ಕೌಶಲ ಕಲಿಸಿದರೆ ಸಾಕು" ಅನ್ನುವ ಮಾತು ಈಚೆಗೆ ಜಾಸ್ತಿ ಕೇಳುತ್ತಿದ್ದೇನೆ. ನಾನು ಒಪ್ಪುವುದಿಲ್ಲ. 1988ರಲ್ಲಿ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಒಂದು ಪ್ರಯೋಗ ಮಾಡಿದರು. ಬೇಸ್‌ಬಾಲ್ ಪಂದ್ಯದ ಒಂದು ಭಾಗವನ್ನು ವಿವರಿಸುವ ಬರಹವನ್ನು ಮಕ್ಕಳಿಗೆ ಓದಲು ಕೊಟ್ಟರು. ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ, ಓದಿನಲ್ಲಿ ಹಿಂದಿದ್ದು ಆಟ ಚೆನ್ನಾಗಿ ಗೊತ್ತಿದ್ದವರು ಅದನ್ನು ಚೆನ್ನಾಗಿ ಅರ್ಥಮಾಡಿಕೊಂಡರು. ಓದಿ ಅರ್ಥಮಾಡಿಕೊಳ್ಳುವುದು ಅಂದರೆ ಗೊತ್ತಿರುವುದಕ್ಕೆ ಹೊಸದನ್ನು ಅಂಟಿಸಿಕೊಳ್ಳುವುದು. ಅಂಟಿಸಲು ಏನೂ ಇಲ್ಲದಿದ್ದರೆ ಕೌಶಲ ಏನು ಮಾಡೀತು? ಮನೆಯಲ್ಲಿ ಪುಸ್ತಕ, ಮಾತುಕತೆ, ತಿರುಗಾಟ ಇರುವ ಮಗುವಿಗೆ ಈ ತಿಳಿವಳಿಕೆ ಹೇಗೋ ಸಿಗುತ್ತದೆ. ಇಲ್ಲದ ಮಗುವಿಗೆ ಶಾಲೆಯ ಪಠ್ಯಕ್ರಮ ಒಂದೇ ಗತಿ. ಹಾಗಾಗಿ ಅದನ್ನು ತೆಳ್ಳಗೆ ಮಾಡುವವರು ಯಾರಿಗೆ ನಷ್ಟ ಮಾಡುತ್ತಿದ್ದಾರೆ ಅಂತ ಯೋಚಿಸಬೇಕು. ವಿಷಯ ಕಡಿಮೆ ಇರಲಿ ಅಂತ ಮೇಲೆ ಹೇಳಿದೆ, ಹೌದು. ಆದರೆ ಇರುವ ವಿಷಯದಲ್ಲಿ ತಿರುಳು ತುಂಬಿರಲಿ.

ರಾಲ್ಫ್ ಟೈಲರ್ 1949ರಲ್ಲಿ ಪಠ್ಯಕ್ರಮ ರೂಪಿಸುವವರಿಗೆ ನಾಲ್ಕು ಪ್ರಶ್ನೆ ಕೊಟ್ಟರು. ಶಾಲೆಯ ಉದ್ದೇಶ ಏನು, ಅದಕ್ಕೆ ಯಾವ ಅನುಭವ ಕೊಡಬೇಕು, ಅವನ್ನು ಹೇಗೆ ಜೋಡಿಸಬೇಕು, ಉದ್ದೇಶ ಈಡೇರಿತೋ ಇಲ್ಲವೋ ಹೇಗೆ ತಿಳಿಯಬೇಕು. ಈ ಸಾಲಿನಲ್ಲಿ ಪರೀಕ್ಷೆ ಕೊನೆಯದು. ತರಗತಿಯಲ್ಲಿ ಅದೇ ಮೊದಲನೆಯದಾಗಿದೆ. ಮಕ್ಕಳು ಕೇಳುವುದು "ಇದು ಎಕ್ಸಾಂಗೆ ಬರುತ್ತಾ ಮಿಸ್?" ಅಂತ. ಅವರನ್ನು ನಾನು ದೂರುವುದಿಲ್ಲ. ಯಾವುದಕ್ಕೆ ಮಾರ್ಕ್ಸ್ ಇದೆಯೋ ಅದೇ ನಿಜವಾದ ಪಠ್ಯಕ್ರಮ ಅಂತ ಅವರು ಬೇಗ ಕಂಡುಕೊಂಡಿದ್ದಾರೆ. ಮೇಲೆ ಹೇಳಿದ ಅಂದಾಜು ಮಾಡುವ ಕೆಲಸ ಬಹುತೇಕ ಪ್ರಶ್ನೆಪತ್ರಿಕೆಯಲ್ಲಿ ಇರುವುದಿಲ್ಲ, ಹಾಗಾಗಿ ಪುಸ್ತಕದಲ್ಲೂ ಮೂಲೆಗೆ ಹೋಗಿದೆ. ಎಲಿಯಟ್ ಐಸ್ನರ್ ಅನ್ನುವ ಶಿಕ್ಷಣ ತಜ್ಞರು 1979ರಲ್ಲಿ, ಶಾಲೆ ಕಲಿಸದೆ ಬಿಟ್ಟದ್ದೂ ಒಂದು ಪಠ್ಯಕ್ರಮ ಅಂದರು. ಬಿಟ್ಟ ವಿಷಯ ಮುಖ್ಯವಲ್ಲ ಅಂತ ಮಗು ಕಲಿಯುತ್ತದೆ. ನಾನು ಅಂದಾಜಿಗೆ ನನ್ನ ಕಿರುಪರೀಕ್ಷೆಗಳಲ್ಲಿ ಮಾರ್ಕ್ಸ್ ಇಡಲು ಶುರು ಮಾಡಿದ ಮೇಲೆ ಮಕ್ಕಳು ಅದನ್ನು ಆಟ ಅಂದುಕೊಳ್ಳುವುದು ನಿಂತಿತು.

ಇನ್ನೊಂದು ಪಠ್ಯಕ್ರಮ ಯಾವ ಪುಸ್ತಕದಲ್ಲೂ ಅಚ್ಚಾಗಿರುವುದಿಲ್ಲ. ಫಿಲಿಪ್ ಜಾಕ್ಸನ್ 1968ರಲ್ಲಿ ಅದನ್ನು ಗುಪ್ತ ಪಠ್ಯಕ್ರಮ ಅಂತ ಕರೆದರು. ಕಾಯುವುದು, ಸಾಲಿನಲ್ಲಿ ನಿಲ್ಲುವುದು, ಗುಂಪಿನಲ್ಲಿ ಒಬ್ಬನಾಗಿ ಇರುವುದು, ಯಾರ ಕೈಯಲ್ಲಿ ಅಧಿಕಾರ ಇದೆ ಅಂತ ಅರಿಯುವುದು. ಗಣಿತದ ತರಗತಿಯಲ್ಲಿ ಅದರ ಮೊದಲ ಪಾಠ ವೇಗ. ಮೊದಲು ಕೈ ಎತ್ತಿದವನು ಜಾಣ. ನಿಧಾನವಾಗಿ ಯೋಚಿಸುವವಳು ಗಣಿತಕ್ಕೆ ಲಾಯಕ್ಕಿಲ್ಲ ಅಂತ ತಾನೇ ತೀರ್ಮಾನ ಮಾಡಿಕೊಳ್ಳುತ್ತಾಳೆ. ಯಾರೂ ಹೇಳಬೇಕಾಗಿಲ್ಲ. ಪ್ರಶ್ನೆ ಕೇಳಿದ ಮೇಲೆ ಒಂದಿಷ್ಟು ಹೊತ್ತು ಯಾರೂ ಕೈ ಎತ್ತಬಾರದು ಅಂತ ನನ್ನ ತರಗತಿಯಲ್ಲಿ ನಿಯಮ ಇದೆ. ಮೊದಮೊದಲು ಚುರುಕಿನ ಮಕ್ಕಳಿಗೆ ಇದು ಹಿಂಸೆ. ಆಮೇಲೆ ಅವರ ಉತ್ತರಗಳೇ ಉತ್ತಮವಾಗುತ್ತವೆ.

ಹಾಗಾದರೆ ಸಮಯ ಎಲ್ಲಿಂದ ತರುವುದು ಅನ್ನುವುದೇ ಕೊನೆಗೆ ಉಳಿಯುವ ಪ್ರಶ್ನೆ. ಏನನ್ನಾದರೂ ಬಿಡಲೇಬೇಕು. ಎಲ್ಲವೂ ಇರಲಿ, ಎಲ್ಲವೂ ಆಳವಾಗಿರಲಿ ಅಂದರೆ ಆಗದ ಮಾತು. ಪಠ್ಯಕ್ರಮದ ಸಭೆಗಳಲ್ಲಿ ಸೇರಿಸಲು ಎಲ್ಲರ ಬಳಿಯೂ ಪಟ್ಟಿ ಇರುತ್ತದೆ, ತೆಗೆಯಲು ಯಾರ ಬಳಿಯೂ ಇರುವುದಿಲ್ಲ. ಪ್ರತಿ ಅಧ್ಯಾಯಕ್ಕೂ ಅದನ್ನು ಪ್ರೀತಿಸುವ ಒಬ್ಬರು ಇದ್ದೇ ಇರುತ್ತಾರೆ.

ನನ್ನ ಪಟ್ಟಿ ಹೇಳುತ್ತೇನೆ. ಛೇದದಲ್ಲಿ 17, 23 ಇರುವ ಮಿಶ್ರ ಭಿನ್ನರಾಶಿಗಳ ಉದ್ದುದ್ದ ಸರಳೀಕರಣ ಹೋಗಲಿ. ಆವರಣದೊಳಗೆ ಆವರಣ, ಅದರೊಳಗೆ ಇನ್ನೊಂದು ಆವರಣ ಇರುವ ಲೆಕ್ಕಗಳು ಎರಡು ಮೂರು ಸಾಕು. ದೊಡ್ಡ ದೊಡ್ಡ ಸಂಖ್ಯೆಗಳ ವರ್ಗಮೂಲವನ್ನು ಭಾಗಾಕಾರ ವಿಧಾನದಲ್ಲಿ ತೆಗೆಯುವುದಕ್ಕಿಂತ, ಅದು ಯಾವ ಎರಡು ಪೂರ್ಣ ಸಂಖ್ಯೆಗಳ ನಡುವೆ ಇದೆ ಅಂತ ಹೇಳಲು ಬಂದರೆ ನನಗೆ ಸಮಾಧಾನ. ಹೀಗೆ ಸಿಗುವ ಪೀರಿಯಡ್‌ಗಳು ಸಂಖ್ಯಾರೇಖೆಗೆ, ಅಂದಾಜಿಗೆ, ಭಿನ್ನರಾಶಿಯಿಂದ ಅನುಪಾತದವರೆಗಿನ ಒಂದೇ ನಡಿಗೆಗೆ ಹೋಗಲಿ. ವರ್ಗಮೂಲದ ವಿಷಯದಲ್ಲಿ ನನ್ನ ಜೊತೆ ಕಲಿಸುವ ಹಿರಿಯರೊಬ್ಬರು ಒಪ್ಪುವುದಿಲ್ಲ. ಆ ವಿಧಾನದಲ್ಲಿ ಸ್ಥಾನಬೆಲೆಯ ಒಳಗುಟ್ಟು ಇದೆ, ಅದನ್ನು ಸರಿಯಾಗಿ ಕಲಿಸಿದರೆ ಅದೇ ಒಂದು ಸುರುಳಿ ಅಂತ ಅವರ ವಾದ. ಅವರು ಹೇಗೆ ಕಲಿಸುತ್ತಾರೆ ಅಂತ ಈ ವರ್ಷ ಅವರ ತರಗತಿಯಲ್ಲಿ ಕೂತು ನೋಡುತ್ತೇನೆ ಅಂದಿದ್ದೇನೆ. ಭಿನ್ನರಾಶಿಗೆ ಅವರು ನನ್ನ ತರಗತಿಗೆ ಬರುತ್ತಾರೆ.